ರಾಜಿ ಅನ್ನುವ ಮಾತು

೨೬ ನವೆಂಬರ್ ೧೯೮೪, ಆಳಂದ

ಇವತ್ತು ಗೆದ್ದೆ. ಹೆಣ್ಣು ಕೊಡಲು ಬಂದಿದ್ದ ಜೇವರ್ಗಿಯವರು ಚಹಾ ಕೂಡ ಕುಡಿಯದೆ ಎದ್ದು ಹೋದರು.

ನಮ್ಮ ಇವರಿಗೆ ಎರಡನೇ ಹೆಣ್ಣು ನೋಡುತ್ತಿದ್ದಾರೆಂದು ದಸರೆಯಿಂದಲೇ ನನಗೆ ವಾಸನೆ ಬಡಿದಿತ್ತು. ಅತ್ತೆ ಮಲ್ಕಮ್ಮನವರು ಹಾಲಿನವಳ ಹತ್ತಿರ ಪಿಸುಪಿಸು ಮಾತಾಡುವುದು, ನಾನು ಹೋದರೆ ಗಪ್ಪಾಗುವುದು. ಮದುವೆಯಾಗಿ ಏಳು ವರ್ಷ, ತೊಟ್ಟಿಲು ಕಟ್ಟಿಲ್ಲ. ಗುಲ್ಬರ್ಗದ ಡಾಕ್ಟರಮ್ಮ ನನ್ನನ್ನು ನೋಡಿ, ನಿನ್ನಲ್ಲಿ ಏನೂ ದೋಷವಿಲ್ಲ, ಮುಂದಿನ ಸಲ ಯಜಮಾನರನ್ನು ಕರೆದುಕೊಂಡು ಬಾ ಎಂದು ಹೇಳಿದ್ದರು. ಯಜಮಾನರಿಗೆ ತೊಗರಿ ವ್ಯಾಪಾರದಿಂದ ಪುರುಸೊತ್ತೇ ಸಿಗಲಿಲ್ಲ. ಅಡತಿ ಅಂಗಡಿಯ ದೌಲತರಾಯರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಯಾರಾದರೂ ಕಂಡರೆ ಮಾನ ಹೋಗುವುದಿಲ್ಲವೇ! ನನ್ನದಾದರೆ ಹೋಗುವುದಿಲ್ಲ.

ಪಡಸಾಲೆಯಲ್ಲಿ ಅವರೆಲ್ಲ ಕೂತಿದ್ದಾಗ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡದೆ ಹೊರಗೆ ಬಂದು ಹೇಳಿದೆ: "ಹೊರಗಿನಾಕಿ ಯಾವಾಕಿರೆ ಈ ಮನಿ ಹೊಸ್ತಿಲ ತುಳದ್ರ, ನಾ ಹಿತ್ತಲ ಬಾವಿಗೆ ಹಾರ್ತೇನಿ. ನೋಡ್ಕೊಳ್ರಿ."

ಹೆಣ್ಣಿನ ಅಪ್ಪ ಚಪ್ಪಲಿ ಹುಡುಕಿದ. ಇವರು ನೆಲ ನೋಡಿದರು. ಅತ್ತೆ ನನ್ನನ್ನೇ ನೋಡುತ್ತಿದ್ದರು, ಬೈಯಲಿಲ್ಲ. ಅವರ ಬಾಯಿಯನ್ನು ನಾನು ಮುಚ್ಚಿಸಿದ್ದು ಇದೇ ಮೊದಲು. ಇವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

೨೯ ನವೆಂಬರ್

ನಾನೆಂಥ ಹುಚ್ಚಿ.

ಬೆಳಿಗ್ಗೆ ಜೋಳ ಹಸನು ಮಾಡುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬಂದು ಕೂತರು. ಅಷ್ಟು ಹತ್ತಿರ ಎಂದೂ ಕೂತವರಲ್ಲ. "ಗಂಗಾ, ನೀ ಅಂದದ್ದು ಖರೇ ಅದವ್ವ. ಹೊರಗಿನಾಕಿ ಬ್ಯಾಡ. ಹೊರಗಿನಾಕಿ ನಿನಗ ಮಾನ ಕೊಡಂಗಿಲ್ಲ. ನಿಮ್ಮ ಗೌರಾನ್ನ ತರೋಣು."

ಗೌರಾ ನನ್ನ ತಂಗಿ. ಮಣ್ಣೂರಿನಿಂದ ದಿನಾ ಅಫಜಲಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ.

"ಏನಂದ್ರಿ ಅತ್ತಿ?"

"ಹೊರಗಿನಾಕಿ ಬ್ಯಾಡ ಅಂತ ನೀನೇ ಅಂದಿ ಅಲ್ಲ? ಐದ ಮಂದಿ ಮುಂದ ಅಂದಿ. ಒಳಗಿನಾಕಿ ಆದ್ರ ನಡೀತದ ಅಂತೇ ಅರ್ಥ ಆತು. ಅಕ್ಕತಂಗೇರು ಒಂದ ಗಂಗಾಳದಾಗ ಉಣ್ಣಾಕ ಏನ ಧಾಡಿ?"

ಮೂರು ದಿನ ಅವರು ಸುಮ್ಮನಿದ್ದದ್ದು ಇದಕ್ಕೆ. ಕೋಪದಲ್ಲಿ ಹುಡುಕಿ ಹುಡುಕಿ ಒಂದು ಮಾತು ಆಡಿದ್ದೆ. ಅದರಲ್ಲಿ ನಾನೇ ಒಂದು ಬಾಗಿಲು ತೆರೆದಿಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಹೋಗಲಿಲ್ಲ, ತಿರುಗಿ ನಮ್ಮವ್ವನ ಮನೆಗೇ ಬಂದು ಕೂತಿತು.

೩ ಡಿಸೆಂಬರ್

ಈ ಮನೆಯಲ್ಲಿ ಈಗ ಒಂದೇ ಮಾತು: ರಾಜಿ ಆಗು.

ರೊಟ್ಟಿ ಬಡಿಯುವಾಗ ಅತ್ತೆ, "ರಾಜಿ ಆಗಬೇ, ಎಷ್ಟ ದಿನ ಬಿಗಿತೀ." ಊಟಕ್ಕೆ ಕೂತಾಗ ಇವರು, "ನೀ ರಾಜಿ ಆದ್ರ ಸಾಕು, ಬ್ಯಾರೆ ಏನೂ ಬ್ಯಾಡ ನನಗ." ಇವರು ಒಳ್ಳೆಯವರು, ಅದೇ ತೊಂದರೆ. ಎಂದೂ ಕೈ ಎತ್ತಿಲ್ಲ, ದನಿ ಎತ್ತಿಲ್ಲ. ಕೇಳುವಾಗ ಕಣ್ಣಲ್ಲಿ ನೀರು ತರುತ್ತಾರೆ. ಬೈಯುವ ಗಂಡನಿಗಾದರೆ ತಿರುಗಿ ಬೈಯಬಹುದಿತ್ತು.

ನನ್ನ ರಾಜಿ ಇವರಿಗೇಕೆ ಬೇಕೆಂದು ನನಗೆ ಗೊತ್ತಿದೆ. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಲು ಕಾಯ್ದೆ ಒಪ್ಪುವುದಿಲ್ಲ. ಆದರೆ ಮೊದಲಿನವಳು ಬಾಯಿ ಬಿಡದಿದ್ದರೆ ಕಾಯ್ದೆಗೆ ಯಾರು ಹೋಗಿ ಹೇಳುತ್ತಾರೆ? ಘತ್ತರಗಿ ಭಾಗ್ಯವಂತಿಯ ಗುಡಿಯಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿ ಬರುತ್ತಾರಂತೆ. ಎಲ್ಲ ಮಾತಾಗಿದೆ. ಉಳಿದದ್ದು ನನ್ನದೊಂದು.

ಕೈದಿಯ ಒಪ್ಪಿಗೆ ಕೇಳಿ ಬೀಗ ಹಾಕುವ ಸೆರೆಮನೆ ಇದೊಂದೇ ಇರಬೇಕು.

೬ ಡಿಸೆಂಬರ್

ಹಿತ್ತಲ ಗೋಡೆಯ ಆಚೆ ಅಮೀರುನ್ನಿಸಾ ಆಪಾ ಸಂಡಿಗೆ ಒಣಹಾಕುತ್ತಿದ್ದರು. ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು, ಒಬ್ಬರೇ ಇದ್ದಾರೆ. ಅವರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

ಸಿಟ್ಟಿನಲ್ಲಿ ಕೇಳಿದೆ: "ಆಪಾ, ಈ ರಾಜಿ ಅನ್ನೂದು ನಿಮ್ಮ ಕಡಿಂದ ಬಂದ ಮಾತಲ್ಲೇನ್ರಿ? ಯಾಕರೆ ಕೊಟ್ರಿ ನಮಗ?"

ಆಪಾ ನಕ್ಕರು. "ನಾವು ಕೊಟ್ಟಾಗ ಹಿಂಗ ಇರಲಿಲ್ಲ ಬೇಟಿ ಅದು. ಅರಬ್ಬಿ ಮಾತು. ರಾಜಿ ಅಂದ್ರ ದಿಲ್ ಖುಷಿ ಆಗೋದು. ಖುದಾ ಒಬ್ಬನ ಮ್ಯಾಲ ರಾಜಿ ಆದಾ ಅಂದ್ರ, ಅವನಿಗಿ ನೋಡಿ ಸಂತೋಷ ಪಟ್ಟಾ ಅಂತ ಅರ್ಥ."

"ಸಂತೋಷ?"

"ಹೌದಲ್ಲ. ನಮ್ಮ ಅಬ್ಬಾ ಕಾಗದ ಬರೆದ್ರ, ಇಲ್ಲಿ ಎಲ್ಲಾ ರಾಜೀಖುಷಿ ಅಂತ ಬರೀತಿದ್ರು. ಎರಡೂ ಒಂದೇ ಮಾತು, ಅಕ್ಕತಂಗಿ." ಹೀಗೆಂದು ಆಪಾ ನಾಲಿಗೆ ಕಚ್ಚಿಕೊಂಡರು.

ಸೂಟಿಗೆ ನಾವು ಅನ್ನುವ ರಜಾ ಕೂಡ ಅದೇ ಬೇರಿನದಂತೆ. ಮೇಲಿನವರು ಮನಸ್ಸು ಸಂತೋಷಪಟ್ಟು ಹೋಗಗೊಟ್ಟರೆ ಅದು ರಜಾ. ನಿಜಾಮರ ಕಾಲದ ಕಚೇರಿಯಲ್ಲಿ ಇಬ್ಬರು ಜಗಳ ಬಿಟ್ಟರೆ, ಇಬ್ಬರಿಗೂ ತೃಪ್ತಿಯಾಗಿದೆ ಎಂದು ಬರೆಯುವ ಕಾಗದ ರಾಜೀನಾಮಾ. ಈಗ ಕುರ್ಚಿ ಬಿಟ್ಟು ಎದ್ದು ಹೋಗುವವರು ಕೊಡುವುದು ರಾಜೀನಾಮೆ.

ಒಲೆಯ ಮುಂದೆ ಕೂತು ಇದನ್ನೇ ಯೋಚಿಸಿದೆ. ಸಂತೋಷವಾಗಿ ಹುಟ್ಟಿದ ಮಾತು. ಊರೂರು ತಿರುಗಿ ಒಪ್ಪಿಗೆಯಾಯಿತು. ನಮ್ಮ ಮನೆಗೆ ಬರುವ ಹೊತ್ತಿಗೆ ಸೋಲಾಯಿತು. ಪಾಪ, ಅದಕ್ಕೂ ಗಂಡನ ಮನೆಯೇ ಗತಿಯಾಗಿರಬೇಕು. ಹೀಗೆ ಯೋಚಿಸುತ್ತಿರುವಾಗ ಬೇಳೆ ಸೀದುಹೋಯಿತು. ಅತ್ತೆ ಬೈದರು. ಬೈಗುಳ ಕೇಳಿ ಸಮಾಧಾನವಾಯಿತು, ಹಳೆಯ ದಿನದ ಹಾಗಿತ್ತು.

೧೧ ಡಿಸೆಂಬರ್

ಅವ್ವ ಬಂದಳು. ಮಣ್ಣೂರಿನಿಂದ ಎರಡು ಬಸ್ಸು ಬದಲಿಸಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು. ಅವಳನ್ನು ಕಂಡದ್ದೇ ಕುತ್ತಿಗೆಗೆ ಬಿದ್ದು ಅತ್ತುಬಿಟ್ಟೆ. ಅವ್ವ ನನ್ನ ಪರ ಬಂದಿದ್ದಾಳೆಂದು ತಿಳಿದಿದ್ದೆ.

"ಪರರ ಮಗಳು ಬಂದು ನಿನ್ನ ಎದಿ ಮ್ಯಾಲ ಕುಂಡ್ರೂದಕಿಂತ ಗೌರಾ ಛಲೋ ಅಲ್ಲೇನವ್ವ? ತಂಗಿ ಆದ್ರ ಸವತಿ ಅನಸೂದಿಲ್ಲ. ಆಕಿ ಹಡದದ್ದು ನಿನ್ನ ಉಡ್ಯಾಗೇ ಹಾಕ್ತಾಳ."

"ಅವ್ವಾ, ಗೌರಾಗ ಏನಂತಿ?"

"ಆಕಿಗೇನ ತಿಳೀತದ. ನಿಮ್ಮಪ್ಪ ಹೋದ ಮ್ಯಾಲ ನಿಮ್ಮ ಸ್ವಾದರಮಾವ ನಾಗಣ್ಣನೇ ನಮಗ ಹಿರ್ಯಾ. ಅವನೇ ಹೂಂ ಅಂದಾನ. ನೀ ಒಬ್ಬಾಕಿ ರಾಜಿ ಆದ್ರ ಇಬ್ಬರ ಬಾಳೂ ದಡಾ ಮುಟ್ಟತಾವ. ನಾನರೆ ಎಷ್ಟ ದಿನ ಇರ್ತೇನಿ?"

ಹೆತ್ತವಳ ಬಾಯಲ್ಲೂ ಅದೇ ಮಾತು. ಅವ್ವ ಹೋಗುವಾಗ ಅತ್ತೆ ಅವಳಿಗೆ ಸೀರೆ ಕೊಟ್ಟು ಕಳಿಸಿದರು. ಅವರಿಬ್ಬರೂ ಇಷ್ಟು ನಗುನಗುತ್ತ ಮಾತಾಡಿದ್ದನ್ನು ನನ್ನ ಮದುವೆಯಲ್ಲೂ ನಾನು ಕಂಡಿರಲಿಲ್ಲ.

೧೩ ಡಿಸೆಂಬರ್

ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಯಾರಿಗೂ ಹೇಳದೆ.

ಅಫಜಲಪುರದ ಬಸ್ಸು ನಿಂತಿತ್ತು. ಕಂಡಕ್ಟರ್ ಗುರುತಿನವನು, "ಏನ್ರಿ ವೈನಿ, ಸಾವ್ಕಾರರು ಬರಲಿಲ್ಲೇನ್ರಿ?" ಅಂದ. ಬಸ್ಸು ಹೋಗುವುದು ಎಲ್ಲಿಗೆ? ಅವ್ವನ ಊರಿಗೆ. ಅಲ್ಲಿ ರಾಜಿ ಆಗು ಅನ್ನುವವರು. ತಿರುಗಿ ಬಂದರೆ ಇಲ್ಲಿ ರಾಜಿ ಆಗು ಅನ್ನುವವರು. ಗುಲ್ಬರ್ಗದ ಬಸ್ಸೂ ಇತ್ತು. ಅಲ್ಲಿ ನನಗೆ ಗೊತ್ತಿರುವವರು ಆ ಡಾಕ್ಟರಮ್ಮ ಒಬ್ಬರೇ.

ಅತ್ತ ದರಿ, ಇತ್ತ ಪುಲಿ. ಬೆಂಚಿನ ಮೇಲೆ ಕೂತು, ಎರಡೂ ಬಸ್ಸು ಹೋಗುವುದನ್ನು ನೋಡಿ, ಕೊತ್ತಂಬರಿ ಸೂಡು ಕೊಂಡು ವಾಪಸ್ಸು ಬಂದೆ.

"ಎಲ್ಲಿಗಿ ಹೋಗಿದ್ದಿ?"

"ಕೊತ್ತಂಬರಿಗಿ."

"ಮನ್ಯಾಗ ಇತ್ತಲ್ಲ." ಅತ್ತೆ ಅಷ್ಟೇ ಅಂದರು. ಆಮೇಲಿಂದ ತಲೆಬಾಗಿಲ ಬಳಿಯ ಕಟ್ಟೆಯ ಮೇಲೆ ಅವರೇ ಕೂಡುತ್ತಾರೆ, ಬಿಸಿಲು ಕಾಯಿಸುವ ನೆಪದಲ್ಲಿ.

೨೨ ಡಿಸೆಂಬರ್, ಎಳ್ಳಮಾವಾಸ್ಯೆ

ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಭಜ್ಜಿ, ಕಡುಬು ಉಂಡು ಬಂದೆವು. ಬಿಳಿಜೋಳ ಎದೆ ಮಟ್ಟ ನಿಂತಿದೆ. ಇವರು ನನ್ನ ಎಲೆಗೆ ತಾವೇ ಶೇಂಗಾ ಹಿಂಡಿ ಹಾಕಿದರು, ತುಪ್ಪ ಬಡಿಸಿದರು.

ದಾರಿಯಲ್ಲಿ ಚುನಾವಣೆಯ ಜೀಪು ಅಡ್ಡ ಬಂತು. ಒಬ್ಬ ಕೈ ಮುಗಿದು, "ತಾಯಿ, ನಿಮ್ಮದೂ ಒಂದ ವೋಟ ಅದ, ಮರೀಬ್ಯಾಡ್ರಿ," ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಆಕಿದು ನಾ ಹೇಳ್ತೇನಿ ಹೋಗಪ್ಪ," ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಇರುವುದೂ ಈಗ ದೊಡ್ಡ ಕೆಲಸ.

೨೮ ಡಿಸೆಂಬರ್

ಏನೂ ಬರೆಯಲು ಇಲ್ಲ. ತೊಗರಿ ಚೀಲ ಬಂದವು. ಹಿತ್ತಲ ತನಕ ಧೂಳು.

೪ ಜನವರಿ ೧೯೮೫

ದಿನಾ ಜಗಳ ಯಾರು ಆಡುತ್ತಾರೆ? ಸಾಕಾಗಿದೆ.

ಸಂಕ್ರಮಣ ಕಳೆದ ಮೇಲೆ ಸಕ್ಕರೆ ಕಾರ್ಯ ಇಟ್ಟುಕೊಂಡಿದ್ದಾರೆ. ನಮ್ಮವರಲ್ಲಿ ಮಾತು ಪಕ್ಕಾ ಆಯಿತೆಂದರೆ ಹೆಣ್ಣಿನ ಬಾಯಿಗೆ ಸಕ್ಕರೆ ಹಾಕುತ್ತಾರೆ. ಆಮೇಲೆ ಹಿಂದೆ ಸರಿಯುವಂತಿಲ್ಲ. ಅಕ್ಕ ಇದ್ದಲ್ಲಿ ತಂಗಿಯನ್ನು ತರುವಾಗ ಸಕ್ಕರೆಯನ್ನು ಅಕ್ಕನೇ ತನ್ನ ಕೈಯಾರೆ ಹಾಕಬೇಕಂತೆ. ಅದಾದರೆ ನಾಳೆ ಯಾರೂ ಬೆರಳು ತೋರಿಸುವಂತಿಲ್ಲ. ಈ ಪದ್ಧತಿ ಎಂದಿನಿಂದ ಇದೆ ಎಂದರೆ ಅತ್ತೆ, "ನಮ್ಮತ್ತಿ ಕಾಲದಿಂದ," ಅನ್ನುತ್ತಾರೆ. ಅವರ ಅತ್ತೆ ಮೂರು ಜನ ಸೊಸೆಯರ ಕೈಯಿಂದ ಹೀಗೆ ಮಾಡಿಸಿದ್ದರಂತೆ.

ನಾನು ರಾಜಿಯಾಗಿಲ್ಲ. ಹೂಂ ಎಂದು ಒಂದು ಸಲವೂ ಅಂದಿಲ್ಲ. ಸುಮ್ಮನಿದ್ದೇನೆ, ಅಷ್ಟೇ.

ಗೌರಾಗೆ ಪಡಸಾಲೆಯ ಪಕ್ಕದ ಕೋಣೆ ಆದೀತು. ಅಲ್ಲಿನ ಚೀಲಗಳನ್ನು ತೆಗೆಸಿ, ಸುಣ್ಣ ಹೊಡೆಸಿದೆ. ಓದಿನ ಅಭ್ಯಾಸ ಅವಳದು, ಕಿಟಕಿ ಇದ್ದರೆ ಒಳ್ಳೆಯದು. ಕಿಟಕಿಗೆ ಪರದೆ ಹೊಲಿದೆ. ಹೇಗೂ ಆಗುವುದು ಆಗುತ್ತದೆ, ಧೂಳಿನಲ್ಲಿ ಆಗುವುದೇಕೆ? ಅತ್ತೆ ಪರದೆ ಮುಟ್ಟಿ ನೋಡಿ ಹಾಲಿನವಳಿಗೆ ಹೇಳಿದ್ದು ಕೇಳಿಸಿತು: "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ?"

ಪರದೆಯ ಅಂಚು ಚೆನ್ನಾಗಿ ಬಂದಿದೆ.

೯ ಜನವರಿ

ಆಪಾ ಗೋಡೆಯ ಮೇಲಿಂದ ಖೀರು ಕೊಟ್ಟರು. ಕೊಟ್ಟು ಹೋಗಲಿಲ್ಲ.

"ಕೋಣಿಗಿ ಸುಣ್ಣ ಹೊಡಿಸಿದಿ ಅಂತ."

"ಧೂಳ ಇತ್ತು ಆಪಾ."

ನಾನು ಕೇಳದೆಯೇ ಅವರು ತಮ್ಮ ನಿಕಾಹದ ಸುದ್ದಿ ತೆಗೆದರು. ಹದಿನೈದು ವರ್ಷವಂತೆ ಆಗ. ಒಳಕೋಣೆಯಲ್ಲಿ ಹೆಂಗಸರ ನಡುವೆ ಕೂಡಿಸಿದ್ದರು. ಹೆಣ್ಣಿನ ಒಪ್ಪಿಗೆ ಕೇಳುವ ವಕೀಲನಾಗಿ ಬಂದವರು ಅವರ ಸ್ವಂತ ಚಾಚಾ. ಇಂಥವರ ಜೊತೆ ನಿಕಾಹಕ್ಕೆ ರಾಜಿ ಇದ್ದೀಯಾ ಎಂದು ಮೂರು ಸಲ ಕೇಳಿದರು.

"ನಾ ಬರೇ ಅತ್ತೆ. ಚಾಚಾ ಹೊರಗ ಹೋಗಿ, ಹುಡಗಿ ನಾಚ್ಕಿಲಿಂದ ಅಳಾಕತ್ತಾಳ, ರಾಜಿ ಇದ್ದಾಳ ಅಂತ ಹೇಳಿದ್ರು. ಅಳುನೂ ರಾಜಿ ಆಯ್ತು. ಮುವ್ವತ್ತ ವರ್ಷ ಅವರ ಜೋಡಿ ಇದ್ದೆ, ಅವರು ಹೋದ್ರು. ಆದ್ರ ಒಂದ್ ಮಾತ್ ಹೇಳ್ತೇನಿ. ಸುಳ್ಳೇ ಇರಲಿ, ನಮ್ಮಲ್ಲಿ ಕೇಳೋದಾದ್ರೂ ಕೇಳ್ತಾರ. ಕೇಳಿದ್ರ, ಇಲ್ಲ ಅನ್ನಲಿಕ್ಕ ಜಾಗಾ ಇರ್ತದ. ನನಗ ಆ ಜಾಗಾ ಇತ್ತು. ನಾ ಅಲ್ಲಿ ನಿಂತು ಅತ್ತೆ."

ಖೀರಿನ ಬೋಗುಣಿ ತೊಳೆದು ವಾಪಸ್ಸು ಕೊಟ್ಟೆ. ಆಪಾಗೆ ವಯಸ್ಸಾಯಿತು, ಸುಮ್ಮನೆ ಹಳೆಯದನ್ನೆಲ್ಲ ತೆಗೆಯುತ್ತಾರೆ. ನನಗೆ ಯಾಕೋ ಇಡೀ ದಿನ ಊಟ ಸೇರಲಿಲ್ಲ.

೧೫ ಜನವರಿ

ಅವ್ವ, ನಾಗಣ್ಣಮಾವ, ಗೌರಾ ಬಂದರು. ನಾಡಿದ್ದು ಕಾರ್ಯ.

ಗೌರಾ ಎತ್ತರವಾಗಿದ್ದಾಳೆ. ಬಟ್ಟೆಯ ಚೀಲದಲ್ಲಿ ಸೀರೆಯ ಕೆಳಗೆ ಪುಸ್ತಕ ಇಟ್ಟುಕೊಂಡು ಬಂದಿದ್ದಾಳೆ, ಮಾರ್ಚಿನಲ್ಲಿ ಪರೀಕ್ಷೆಯಂತೆ. ಕೋಣೆ ತೋರಿಸಿದೆ. "ಪರದಿ ನಾನೇ ಹೊಲದೇನಿ, ನೋಡು," ಅಂದೆ. ನೋಡಿದಳು, ಚೀಲ ಮೂಲೆಗಿಟ್ಟಳು.

ಸಿಟ್ಟು ಬಂತು. ಅಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಒಂದು ಮಾತು ಛಲೋ ಅದ ಅಂದರೆ ಗಂಟೇನು ಹೋಗುತ್ತಿತ್ತು? ನಾನು ಈ ಮನೆಗೆ ಬಂದಾಗ ನನಗೆ ಕೋಣೆಯೂ ಇರಲಿಲ್ಲ. ಇವಳ ಮುಂದೆ ನಾನೇನು ತಪ್ಪು ಮಾಡಿದವಳ ಹಾಗೆ ನಿಲ್ಲಬೇಕೇ? ನನ್ನ ಕಷ್ಟ ಇವಳಿಗೇನು ಗೊತ್ತು. ಒಂದು ಸಲವಾದರೂ, ಅಕ್ಕಾ ಹೆಂಗಿದ್ದಿ, ಎಂದು ಕೇಳಿದಳೇ?

ಅವಳಿಗೆ ಬಿಸಿನೀರು ಕಾಯಿಸಿ ಕೊಟ್ಟೆ. ತಲೆ ಬಾಚಿದೆ. ಬಾಚುವಾಗ ಕುತ್ತಿಗೆ ಬಿಗಿ ಹಿಡಿದುಕೊಂಡೇ ಕೂತಿದ್ದಳು.

೧೭ ಜನವರಿ

ಆಪಾನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗೌರಾ ಒಳಗೆ ಚಾಪೆಯ ಮೇಲೆ ಮಲಗಿದ್ದಾಳೆ. ಅತ್ತೆಯವರ ಮನೆಯ ತಲೆಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಅವ್ವ ನನ್ನ ಮುಖ ನೋಡದೆ ನಾಗಣ್ಣಮಾವನ ಹಿಂದೆ ಬಸ್ಸಿಗೆ ಹೋದಳು. ಮೈಮೇಲಿನ ಸೀರೆ, ಸೆರಗಿನಲ್ಲಿ ಕಟ್ಟಿಕೊಂಡ, ಬರೆಯುತ್ತಿರುವ ಈ ವಹಿ, ಗೌರಾಳ ಪುಸ್ತಕದ ಚೀಲ, ಇಷ್ಟೇ ಈಚೆ ಬಂದದ್ದು. ನಾಳೆ ಏನೆಂದು ಗೊತ್ತಿಲ್ಲ. ಹೆದರಿಕೆಯಾಗುತ್ತಿದೆ. ಆಪಾ ಮೂವರಿಗೆ ಅಕ್ಕಿ ತೊಳೆಯುತ್ತಿದ್ದಾರೆ.

ಆದದ್ದು ಇಷ್ಟು.

ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಮಠದ ಅಯ್ಯನವರು ಬಂದು ಕೂತಿದ್ದರು, ಇವರು ಹೊಸ ಅಂಗಿ ತೊಟ್ಟಿದ್ದರು. ಗೌರಾಳನ್ನು ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿದ್ದರು. ಅತ್ತೆ ಸಕ್ಕರೆಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ಹಾಕವ್ವ ಗಂಗಾ, ಹೊತ್ತಾತು," ಎಂದರು ನಾಗಣ್ಣಮಾವ.

ನಾನು ಹಾಕಲೆಂದೇ ಹೋದೆ. ದೇವರಾಣೆಗೂ ಹಾಕಲೆಂದೇ ಹೋದೆ. ಸಕ್ಕರೆ ಚಿಟಿಕೆ ಹಿಡಿದು ಬಗ್ಗಿದೆ. ಗೌರಾ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು. ಅವ್ವ ತೆರೆ ಎಂದಿದ್ದಳು, ತೆರೆದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಿಂದಿನಿಂದ ಯಾರೋ, "ನಾಚ್ಕೊಂಡಾಳ," ಅಂದರು.

ನನ್ನ ಕೈ ನಿಂತಿತು.

"ಗೌರಾ, ನಿನಗ ಇದು ಬೇಕೇನ?"

ಎಲ್ಲರೂ ನಕ್ಕರು. ಅಕ್ಕ ತಂಗಿಯನ್ನು ಕಾಡುತ್ತಿದ್ದಾಳೆಂದು ತಿಳಿದರು. ಗೌರಾ ಕಣ್ಣು ತೆರೆದಳು. ನಾನು ಮತ್ತೆ ಕೇಳಿದೆ, ಗಟ್ಟಿಯಾಗಿ: "ಬೇಕಂದ್ರ ಬೇಕನ್ನು. ಬ್ಯಾಡಂದ್ರ ಬ್ಯಾಡನ್ನು. ಬೇಕೇನ?"

"ಬ್ಯಾಡ," ಎಂದಳು.

ಇಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಮನೆ ಗಪ್ಪಾಯಿತು. ಆಮೇಲೆ ಒಮ್ಮೆಲೇ ಗದ್ದಲ. ಅತ್ತೆ ತಟ್ಟೆ ಕಸಿದುಕೊಳ್ಳಲು ಬಂದರು. "ಯಾರ ಕೇಳಂದ್ರ ಆಕಿಗಿ? ಹೆಣ್ಣಮಕ್ಕಳಿಗಿ ಯಾರರೆ ಕೇಳ್ತಾರೇನಬೇ!" ಅವ್ವ ಕೈ ಎತ್ತಿಕೊಂಡು ಗೌರಾಳ ಕಡೆ ಬಂದಳು. ನಾನು ನಡುವೆ ನಿಂತೆ, ಏಟು ನನಗೆ ಬಿತ್ತು. ತಟ್ಟೆ ಬಿದ್ದು ಸಕ್ಕರೆ ಕಂಬಳಿಯ ತುಂಬ ಚೆಲ್ಲಿತು. ಅಯ್ಯನವರು ಎದ್ದು ಶಲ್ಯ ಕೊಡವಿಕೊಂಡರು. ಇವರು ನೆಲ ನೋಡುತ್ತಿದ್ದರು.

"ಹಾಕ್ತೀಯೋ ಇಲ್ಲೋ? ಹಾಕಲಿಲ್ಲಂದ್ರ ಇಬ್ರೂ ಈಗಿಂದೀಗ ಹೊರಗ ನಡೀರಿ!" ಅತ್ತೆ ಕೂಗುತ್ತಿದ್ದರು.

ಆ ಗದ್ದಲದಲ್ಲಿ ಗೌರಾ ನನ್ನ ಮುಂಗೈ ಹಿಡಿದುಕೊಂಡಿದ್ದಳು. ಅವಳ ಕೈ ತಣ್ಣಗಿತ್ತು. ನನ್ನ ಮುಖವನ್ನೇ ನೋಡುತ್ತ, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದಳು:

"ಅಕ್ಕಾ, ಮತ್ತ ನಿನಗ ಬೇಕಾಗಿತ್ತೇನ?"

ಜೇವರ್ಗಿಯವರ ಮುಂದೆ ಕೂಗಾಡಿದ್ದೆ, ಬಾವಿಗೆ ಹಾರುತ್ತೇನೆ ಅಂದಿದ್ದೆ. ಆದರೆ ಅತ್ತೆ, ಇವರು, ಅವ್ವ, ಎಲ್ಲರೂ ಆಗು ಆಗು ಎಂದಿದ್ದರು. ಬೇಕೇನೆಂದು ಯಾರೂ ಕೇಳಿರಲಿಲ್ಲ. ಬಾಯಿ ತೆರೆದೆ. ಗೌರಾ ಕೈ ಬಿಡದೆ ಕಾಯುತ್ತ ನಿಂತಿದ್ದಳು.

"ಇಲ್ಲವ್ವ," ಅಂದೆ. "ನನಗೂ ಬ್ಯಾಡಾಗಿತ್ತು."